ಗೃಹಗಣಕಕ್ಕೆ ಮಿತವ್ಯಯದ ಡಿಸ್ಕ್ ರೈಟರು: ಇತಿಹಾಸ ಸಂಶೋಧಕನ ದೃಷ್ಟಿಯಿಂದ ಒಂದು ವಿವೇಚನೆ

ಇತಿಹಾಸವನ್ನು ವ್ಯಾಸಂಗ ಮಾಡುವವರ ಮನೆಗಳಲ್ಲಿ ಇಂದು ಪುಸ್ತಕಗಳಿಗಿಂತಲೂ ವೇಗವಾಗಿ ಬೆಳೆಯುತ್ತಿರುವುದು ಛಾಯಾಚಿತ್ರಗಳ ಸಂಗ್ರಹ. ಹಿಂದಿನ ತಲೆಮಾರಿನ ವಿದ್ವಾಂಸರು ಕಾಗದ, ಮಸಿ, ಕುಂಚಗಳನ್ನು ಹೊತ್ತು ಊರೂರು ತಿರುಗಿ ಶಾಸನಗಳ ಪಡಿಯಚ್ಚು ತೆಗೆಯುತ್ತಿದ್ದರು. ಪಡಿಯಚ್ಚಿನ ಮಹತ್ತ್ವವು ಇಂದಿಗೂ ಕುಂದಿಲ್ಲವಾದರೂ, ಕಲ್ಲಿನೆದುರು ನಿಂತೊಡನೆ ಮೊದಲು ಹೊರಬರುವುದು ಕ್ಯಾಮೆರಾ. ಹೀಗೆ ಚಿತ್ರ ತೆಗೆದ ಕಲ್ಲು ಕೆಲವು ವರ್ಷಗಳ ತರುವಾಯ ಗುಡಿಯ ಜೀರ್ಣೋದ್ಧಾರದ ಗದ್ದಲದಲ್ಲಿ ಸುಣ್ಣ ಬಳಿಸಿಕೊಂಡಿರುವುದೂ, ಮೆಟ್ಟಿಲಾಗಿ ಸವೆದಿರುವುದೂ, ರಸ್ತೆಯ ಅಗಲೀಕರಣದಲ್ಲಿ ಕಾಣದಂತಾಗಿರುವುದೂ ಉಂಟು. ಅಂತಹ ಸಂದರ್ಭದಲ್ಲಿ ಚಿತ್ರವು ಪ್ರತಿಯಾಗಿ ಉಳಿಯದೆ, ಅದೇ ಮೂಲವಾಗಿಬಿಡುತ್ತದೆ. ಆದರೆ ಈ ಮೂಲಗಳು ಎಷ್ಟೋ ಮಂದಿ ಅಧ್ಯಾಪಕರ ಮತ್ತು ಸಂಶೋಧಕ ವಿದ್ಯಾರ್ಥಿಗಳ ಮನೆಗಳಲ್ಲಿ ಒಂದೇ ಗಣಕಯಂತ್ರದ ಒಂದೇ ಹಾರ್ಡ್ ಡಿಸ್ಕಿನಲ್ಲಿ, ಬೇರೊಂದು ಪ್ರತಿಯಿಲ್ಲದೆ ಕುಳಿತಿವೆ.

ಇವುಗಳನ್ನು ಸಿ.ಡಿ. ಅಥವಾ ಡಿ.ವಿ.ಡಿ.ಗಳಲ್ಲಿ ಬರೆದಿಡಲು ಸುಲಭ ಬೆಲೆಯ ಯಾವ ಯಂತ್ರವನ್ನು ಕೊಳ್ಳಬೇಕೆಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಅನೇಕ ಬಾರಿ ಕೇಳುವುದುಂಟು. ಹೊಸ ಗಣಕಯಂತ್ರಗಳಲ್ಲಿ ಬಹುಪಾಲಿಗೆ ಡಿಸ್ಕ್ ಡ್ರೈವೇ ಇರುವುದಿಲ್ಲವಾದುದರಿಂದ ಈ ಪ್ರಶ್ನೆ ಮೊದಲಿಗಿಂತ ಈಗ ಹೆಚ್ಚು ಸಕಾರಣವಾದುದು. ಅಂಗಡಿಯವನು ವೇಗವನ್ನೂ ಬೆಲೆಯನ್ನೂ ಹೇಳುತ್ತಾನೆ. ನಮ್ಮ ವೃತ್ತಿಗೆ ಬೇಕಾದ ಉತ್ತರ ಬೇರೆ: ಡಿಸ್ಕನ್ನು ಬರೆಯುವ ಕೆಲಸ ಹತ್ತು ನಿಮಿಷದ್ದು, ಓದುವ ಕೆಲಸ ಹದಿನೈದು ಇಪ್ಪತ್ತು ವರ್ಷಗಳದು, ಆದುದರಿಂದ ರೈಟರನ್ನು ಕೊಳ್ಳುವವನು ತಾನು ಮುಖ್ಯವಾಗಿ ಒಂದು ಓದುಯಂತ್ರವನ್ನು ಕೊಳ್ಳುತ್ತಿದ್ದೇನೆಂದು ಭಾವಿಸತಕ್ಕದ್ದು. ಈ ದೃಷ್ಟಿಯನ್ನು ಹಿಡಿದರೆ ಆಯ್ಕೆಯ ಕ್ರಮವೇ ಬದಲಾಗುತ್ತದೆ.

ಹಾರ್ಡ್ ಡಿಸ್ಕು ಅಗ್ಗವಾಗಿರುವಾಗ ಡಿಸ್ಕಿನ ಗೊಡವೆಯಾದರೂ ಏಕೆ ಎಂಬ ಆಕ್ಷೇಪಣೆಗೆ ಮೊದಲು ಸಮಾಧಾನ ಹೇಳಬೇಕು. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕು ನಿತ್ಯೋಪಯೋಗಕ್ಕೆ ಅನುಕೂಲವಾದುದೇ. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಅದು ಕೆಟ್ಟರೆ ಒಮ್ಮೆಗೇ ಕೆಡುತ್ತದೆ. ಮೇಜಿನಿಂದ ಬಿದ್ದರೆ ಅದರೊಡನೆ ಹತ್ತು ವರ್ಷಗಳ ಕ್ಷೇತ್ರಕಾರ್ಯವೂ ಬೀಳುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ೨೦೨೩ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಗಣಕವ್ಯವಸ್ಥೆಯ ಮೇಲೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶವೊಂದರ ದಾಳಿ ನಡೆಯಿತು. ಜಗತ್ತಿನ ದೊಡ್ಡ ಗ್ರಂಥಭಂಡಾರಗಳಲ್ಲಿ ಒಂದಾದ ಆ ಸಂಸ್ಥೆಯ ಸೂಚೀಪಟ್ಟಿಯನ್ನು ವಿದ್ವಾಂಸರು ಮತ್ತೆ ನೋಡುವಂತಾದುದು ೨೦೨೪ರ ಜನವರಿಯಲ್ಲಿ. ಒಮ್ಮೆ ಮಾತ್ರ ಬರೆಯಬಲ್ಲ ಡಿಸ್ಕಿನ ಮೇಲಿನ ಬರವಣಿಗೆಯನ್ನು ಅಂತಹ ತಂತ್ರಾಂಶವು ಬೀಗ ಹಾಕಿ ವಶಪಡಿಸಿಕೊಳ್ಳಲಾರದು. ಕಪಾಟಿನೊಳಗಿರುವಾಗ ಅದಕ್ಕೆ ಯಾವ ತಂತಿಯ ಸಂಪರ್ಕವೂ ಇರುವುದಿಲ್ಲ. ತಿದ್ದಲಾಗದಿರುವುದು ಗಣಕದವರ ಕಣ್ಣಿಗೆ ಕೊರತೆ. ದಾಖಲೆಯನ್ನು ಕಾಪಾಡುವವರಿಗೆ ಅದೇ ಗುಣ.

ಆದರೆ ಡಿಸ್ಕು ಉಳಿದ ಮಾತ್ರಕ್ಕೆ ದಾಖಲೆಯು ಉಳಿಯಿತೆನ್ನಲಾಗದು. ಇದಕ್ಕೆ ಇಂಗ್ಲೆಂಡಿನ ಇತಿಹಾಸದಲ್ಲಿಯೇ ಒಂದು ಸ್ವಾರಸ್ಯವಾದ ದೃಷ್ಟಾಂತವಿದೆ. ಒಂದನೆಯ ವಿಲಿಯಮ್ ದೊರೆಯು ೧೦೮೬ರಲ್ಲಿ ತನ್ನ ರಾಜ್ಯದ ಭೂಮಿಕಾಣಿಗಳ ಸಮೀಕ್ಷೆ ಮಾಡಿಸಿದನು. ಅದೇ ಡೂಮ್ಸ್‌ಡೇ ಗ್ರಂಥ. ಇದರ ಒಂಬೈನೂರನೆಯ ವರ್ಷದ ಸ್ಮರಣೆಗಾಗಿ ೧೯೮೬ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸದೊಂದು ಸಮೀಕ್ಷೆಯನ್ನು ಕೈಗೊಂಡಿತು. ಹತ್ತು ಲಕ್ಷಕ್ಕೂ ಮಿಕ್ಕಿದ ಜನರು ತಮ್ಮ ಊರುಗಳ ವಿವರಗಳನ್ನು ಕೂಡಿಸಿದರು. ಅವನ್ನೆಲ್ಲ ಹನ್ನೆರಡು ಅಂಗುಲ ವ್ಯಾಸದ ಲೇಸರ್ ಡಿಸ್ಕುಗಳಲ್ಲಿ ತುಂಬಿ, ಅದಕ್ಕೆಂದೇ ಸಿದ್ಧಪಡಿಸಿದ ಗಣಕ ಮತ್ತು ಡ್ರೈವುಗಳೊಡನೆ ಮಾರಿದರು. ಹದಿನೈದು ವರ್ಷಗಳಲ್ಲಿ ಆ ಯಂತ್ರಗಳು ಅಪರೂಪವಾದವು. ೨೦೦೨ರ ವೇಳೆಗೆ ಅದನ್ನು ಓದಿಸಲು ವಿಶ್ವವಿದ್ಯಾನಿಲಯದ ಸಂಶೋಧಕರು ಹಳೆಯ ಗಣಕವನ್ನು ಅನುಕರಿಸುವ ತಂತ್ರಾಂಶವನ್ನೇ ರಚಿಸಬೇಕಾಯಿತು. ಮೂಲ ಡೂಮ್ಸ್‌ಡೇ ಗ್ರಂಥದ ಚರ್ಮಪತ್ರಗಳನ್ನಾದರೋ ಲ್ಯಾಟಿನ್ ಬಲ್ಲವರು ಇಂದಿಗೂ ಬರಿಗಣ್ಣಿನಿಂದಲೇ ಓದಬಹುದು. ಇಲ್ಲಿ ಮುಖ್ಯವಾಗಿ ಸೋತುದು ಡಿಸ್ಕಲ್ಲ, ಓದುಯಂತ್ರ.

ನಾವು ಕೊಳ್ಳಬಹುದಾದ ಯಂತ್ರಗಳ ಸ್ಥಿತಿ ಇದಕ್ಕಿಂತ ಉತ್ತಮ. ೧೯೮೨ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸಂಗೀತದ ಸಿ.ಡಿ.ಯನ್ನು ಮಾರುಕಟ್ಟೆಗೆ ತಂದಾಗ ನಿಶ್ಚಿತವಾದ ೧೨ ಸೆಂಟಿಮೀಟರು ವ್ಯಾಸ, ೧.೨ ಮಿಲಿಮೀಟರು ದಪ್ಪಗಳೇ ಡಿ.ವಿ.ಡಿ.ಗೂ ಬ್ಲೂ-ರೇ ಡಿಸ್ಕಿಗೂ ಮುಂದುವರಿದುವು. ವ್ಯತ್ಯಾಸವಿರುವುದು ಬೆಳಕಿನಲ್ಲಿ. ಸಿ.ಡಿ.ಯನ್ನು ಓದುವ ಲೇಸರಿನ ತರಂಗಾಂತರ ೭೮೦ ನ್ಯಾನೊಮೀಟರು, ಡಿ.ವಿ.ಡಿ.ಯದು ೬೫೦, ಬ್ಲೂ-ರೇಯದು ೪೦೫. ಬೆಳಕು ಸೂಕ್ಷ್ಮವಾದಂತೆ ಸುರುಳಿಸಾಲುಗಳನ್ನು ಒತ್ತೊತ್ತಾಗಿ ಇಡಬಹುದು: ಎರಡು ಸಾಲುಗಳ ನಡುವಣ ಅಂತರವು ಕ್ರಮವಾಗಿ ೧.೬, ೦.೭೪ ಮತ್ತು ೦.೩೨ ಮೈಕ್ರಾನು. ಇದರಿಂದ ಸಿ.ಡಿ.ಯ ಧಾರಣಶಕ್ತಿ ೭೦೦ ಮೆಗಾಬೈಟು, ಒಂದು ಪದರದ ಡಿ.ವಿ.ಡಿ.ಯದು ೪.೭ ಗಿಗಾಬೈಟು, ಒಂದು ಪದರದ ಬ್ಲೂ-ರೇಯದು ೨೫ ಗಿಗಾಬೈಟು. ಗಣಕಯಂತ್ರಗಳಲ್ಲಿ ಕೆಲವು ೧೦೨೪ರ ಲೆಕ್ಕ ಹಿಡಿದು ೪.೭ನ್ನು ೪.೩೮ ಎಂದು ತೋರಿಸುತ್ತವೆ. ಇದರಲ್ಲಿ ಮೋಸವೇನೂ ಇಲ್ಲ. ಸಾಮಾನ್ಯವಾಗಿ ಬ್ಲೂ-ರೇ ರೈಟರು ಕೆಳಗಿನ ಎರಡು ವರ್ಗಗಳನ್ನೂ ಓದಿ ಬರೆಯಬಲ್ಲುದು, ಡಿ.ವಿ.ಡಿ. ರೈಟರು ಬ್ಲೂ-ರೇಯನ್ನು ಓದಲಾರದು.

ಯಾವ ವರ್ಗ ಬೇಕೆಂಬುದನ್ನು ನಮ್ಮ ಸಾಮಗ್ರಿಯ ಪ್ರಮಾಣದಿಂದಲೇ ನಿರ್ಣಯಿಸತಕ್ಕದ್ದು. ೧೫೦ ಗರಿಗಳ ಒಂದು ತಾಳೆಗರಿಯ ಕಟ್ಟನ್ನು ತೆಗೆದುಕೊಳ್ಳೋಣ. ಎರಡು ಮಗ್ಗುಲಿಗೂ ಒಂದೊಂದು ಚಿತ್ರವೆಂದರೆ ೩೦೦ ಚಿತ್ರಗಳಾದವು. ೨೪ ಮೆಗಾಪಿಕ್ಸೆಲಿನ ಕ್ಯಾಮೆರಾದಲ್ಲಿ ಜೆಪೆಗ್ ರೂಪದ ಚಿತ್ರವೊಂದಕ್ಕೆ ಸುಮಾರು ೧೦ ಮೆಗಾಬೈಟು ಹಿಡಿದರೆ ಇಡೀ ಕಟ್ಟು ೩ ಗಿಗಾಬೈಟು. ಒಂದು ಕಟ್ಟಿಗೆ ಒಂದು ಡಿ.ವಿ.ಡಿ. ಎಂಬ ಅನುಕೂಲವಾದ ಲೆಕ್ಕ ಸಿಗುತ್ತದೆ. ಅದೇ ಚಿತ್ರಗಳನ್ನು ಸಂಕೋಚಗೊಳಿಸದೆ ಟಿಫ್ ರೂಪದಲ್ಲಿಟ್ಟರೆ ಒಂದೊಂದೂ ೭೨ ಮೆಗಾಬೈಟು, ಕಟ್ಟು ೨೧.೬ ಗಿಗಾಬೈಟು. ಅದಕ್ಕೆ ಐದು ಡಿ.ವಿ.ಡಿ.ಗಳು ಬೇಕು, ಅಥವಾ ಒಂದು ಬ್ಲೂ-ರೇ ಸಾಕು. ಜೆಪೆಗ್ ರೂಪವು ಅಂದವಾಗಿ ಕಂಡರೂ ಸವೆದ ಅಕ್ಷರದ ಅಂಚುಗಳಲ್ಲಿ ಸೂಕ್ಷ್ಮ ವಿವರಗಳನ್ನು ತೊರೆಯುತ್ತದೆ. ‘ಪ’ ಕಾರವೋ ‘ಷ’ ಕಾರವೋ ಎಂದು ವಿದ್ವಾಂಸರು ಚರ್ಚಿಸುವ ಸ್ಥಳದಲ್ಲಿ ಈ ನಷ್ಟವನ್ನು ಅಲ್ಪವೆನ್ನಲಾಗದು.

ಹಾಗಾದರೆ ಎಲ್ಲರೂ ಬ್ಲೂ-ರೇ ರೈಟರನ್ನೇ ಕೊಳ್ಳಬೇಕೆ? ಅದರ ಬೆಲೆಯು ಡಿ.ವಿ.ಡಿ. ರೈಟರಿನ ಹಲವು ಪಟ್ಟು. ಅಷ್ಟೇ ಅಲ್ಲದೆ, ಇಂದು ಬರೆದ ಬ್ಲೂ-ರೇಯನ್ನು ನಾಳೆ ಓದಲು ಅಂತಹುದೇ ಇನ್ನೊಂದು ಯಂತ್ರವೂ ಎಲ್ಲಿಯಾದರೂ ಇರಬೇಕು. ನನ್ನ ಅಭಿಪ್ರಾಯದಲ್ಲಿ, ಸಂಗ್ರಹವೆಲ್ಲ ಇಪ್ಪತ್ತು ಡಿ.ವಿ.ಡಿ.ಗಳೊಳಗೆ, ಎಂದರೆ ಸುಮಾರು ೯೦ ಗಿಗಾಬೈಟಿನೊಳಗೆ ಅಡಗುವವರಿಗೆ ಡಿ.ವಿ.ಡಿ. ರೈಟರೇ ಯೋಗ್ಯವಾದುದು, ಒಂದು ಬ್ಲೂ-ರೇ ಯಂತ್ರಕ್ಕೆ ಕೊಡುವ ಹಣದಲ್ಲಿ ಎರಡು ಡಿ.ವಿ.ಡಿ. ಯಂತ್ರಗಳನ್ನು ಕೊಂಡು ಒಂದನ್ನು ಪೆಟ್ಟಿಗೆಯಲ್ಲಿ ಹಾಗೆಯೇ ಇಟ್ಟುಕೊಳ್ಳುವುದು ಹೆಚ್ಚು ವಿವೇಕಯುತ. ಅದಕ್ಕೆ ಮೀರಿದರೆ ಡಿಸ್ಕುಗಳ ಸಂಖ್ಯೆಯೇ ಬೇಸರ ಹುಟ್ಟಿಸುತ್ತದೆ. ಬೇಸರ ಹುಟ್ಟಿಸುವ ರಕ್ಷಣಕ್ರಮವನ್ನು ಯಾರೂ ಎರಡನೆಯ ವರ್ಷ ಪಾಲಿಸುವುದಿಲ್ಲ. ಅಂತಹವರು ನಾಲ್ಕೈದು ಮಂದಿ ಕೂಡಿ ಒಂದು ಬ್ಲೂ-ರೇ ರೈಟರನ್ನು ಕೊಳ್ಳಬಹುದು. ಬರೆಯುವ ಕೆಲಸ ವರ್ಷಕ್ಕೆ ಕೆಲವು ದಿನಗಳದಾದುದರಿಂದ ಯಂತ್ರವನ್ನು ಹಂಚಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಇನ್ನು ಯಂತ್ರದ ಆಕೃತಿಯ ವಿಚಾರ. ಮೇಜುಗಣಕದ ಪೆಟ್ಟಿಗೆಯಲ್ಲಿ ಐದೂಕಾಲು ಅಂಗುಲದ ಖಾಲಿ ಸ್ಥಾನವಿದ್ದರೆ ಒಳಗೆ ಕೂರಿಸುವ ಸಾಟಾ ಡ್ರೈವೇ ಶ್ರೇಷ್ಠ. ಅದಕ್ಕೆ ೧೨ ವೋಲ್ಟಿನ ವಿದ್ಯುತ್ತು ದೊರೆಯುವುದರಿಂದ ಮೋಟಾರು ಬಲವಾಗಿರುತ್ತದೆ, ತಟ್ಟೆಯು ಗಟ್ಟಿಯಾಗಿರುತ್ತದೆ, ಬೆಲೆಯೂ ಮಿತವಾದುದು. ಹೊಸ ಪೆಟ್ಟಿಗೆಗಳಲ್ಲಿ ಈ ಸ್ಥಾನವನ್ನು ಕೈಬಿಡುತ್ತಿದ್ದಾರೆ. ಕೊಳ್ಳುವ ಮುನ್ನ ಮುಚ್ಚಳ ತೆಗೆದು ನೋಡುವುದು ಲೇಸು. ಸ್ಥಾನವಿಲ್ಲದಿದ್ದರೆ ಅಥವಾ ಗಣಕವು ಲ್ಯಾಪ್‌ಟಾಪಾಗಿದ್ದರೆ ಹೊರಗಿನಿಂದ ಯು.ಎಸ್.ಬಿ. ತಂತಿಯಲ್ಲಿ ಜೋಡಿಸುವ ತೆಳುವಾದ ಡ್ರೈವು ಬೇಕಾಗುತ್ತದೆ. ಇದರ ಡಿ.ವಿ.ಡಿ. ಬರವಣಿಗೆಯ ವೇಗ ಸಾಮಾನ್ಯವಾಗಿ ೮ ಪಟ್ಟಿಗೆ ಸೀಮಿತ. ಒಳಡ್ರೈವುಗಳಲ್ಲಿ ೧೬, ೨೪ ಎಂದು ನಮೂದಿಸಿರುತ್ತಾರೆ. ಈ ಅಂತರಕ್ಕಾಗಿ ಕೊರಗಬೇಕಾದುದಿಲ್ಲ. ಡಿ.ವಿ.ಡಿ.ಯಲ್ಲಿ ಒಂದು ಪಟ್ಟು ಎಂದರೆ ಸೆಕೆಂಡಿಗೆ ಸುಮಾರು ೧.೩೮ ಮೆಗಾಬೈಟು. ಡಿಸ್ಕಿನ ಹೊರ ಅಂಚಿಗೆ ಬಂದಾಗಲೇ ಪೂರ್ಣವೇಗ ದೊರೆಯುವುದಾದುದರಿಂದ ೮ ಪಟ್ಟಿನಲ್ಲಿ ಒಂದು ಡಿಸ್ಕಿಗೆ ಎಂಟರಿಂದ ಹತ್ತು ನಿಮಿಷ ಹಿಡಿದೀತು. ೧೬ ಪಟ್ಟಿನಲ್ಲಿ ಉಳಿಯುವುದು ಒಂದು ಲೋಟ ಕಾಫಿಯ ಹೊತ್ತೂ ಅಲ್ಲ.

ತೆಳು ಡ್ರೈವಿನಲ್ಲಿ ಗಮನಿಸಬೇಕಾದುದು ವಿದ್ಯುತ್ತು. ಯು.ಎಸ್.ಬಿ. ೨.೦ ಕಿಂಡಿಯಿಂದ ನಿಯಮಾನುಸಾರ ದೊರೆಯುವುದು ೫೦೦ ಮಿಲಿಆಂಪಿಯರು, ೩.೦ ಕಿಂಡಿಯಿಂದ ೯೦೦. ಡಿಸ್ಕು ತಿರುಗಲು ಆರಂಭಿಸಿದಾಗಲೂ ಲೇಸರು ಬರೆಯುವಾಗಲೂ ಬೇಡಿಕೆ ಏರುತ್ತದೆ. ಹಲವು ಉಪಕರಣಗಳು ಜೋತುಬಿದ್ದ ಹಬ್ಬಿನ ಮೂಲಕ ಜೋಡಿಸಿದರೆ ಬರವಣಿಗೆ ನಡುವೆಯೇ ನಿಂತು ಡಿಸ್ಕು ವ್ಯರ್ಥವಾಗುತ್ತದೆ. ಗಣಕದ ಕಿಂಡಿಗೇ ನೇರವಾಗಿ ಜೋಡಿಸಬೇಕು. ಎರಡು ಕಿಂಡಿಗಳಿಂದ ವಿದ್ಯುತ್ತು ಪಡೆಯುವ ಕವಲುತಂತಿ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಹಣದ ಅಡಚಣೆ ಇದ್ದವರಿಗೆ ಇನ್ನೊಂದು ದಾರಿಯಿದೆ. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಎಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರಸ್ತೆ, ಮುಂತಾದ ಕಡೆಗಳಲ್ಲಿ ಹಳೆಯ ಗಣಕಗಳಿಂದ ಬಿಚ್ಚಿದ ಡ್ರೈವುಗಳು ಸಿಗುವುದುಂಟು. ಲ್ಯಾಪ್‌ಟಾಪಿನಿಂದ ತೆಗೆದ ಡ್ರೈವಾದರೆ ಅದು ೧೨.೭ ಮಿಲಿಮೀಟರು ದಪ್ಪದ್ದೋ ೯.೫ರದೋ ಎಂದು ಅಳೆದು, ಸಾಟಾ ಜೋಡಣೆಯದೇ ಎಂದು ಖಚಿತಪಡಿಸಿಕೊಂಡು, ಅದಕ್ಕೆ ತಕ್ಕ ಹೊರಕವಚವನ್ನು ಕೊಳ್ಳಬೇಕು. ಮೇಜುಗಣಕದ ದೊಡ್ಡ ಡ್ರೈವನ್ನು ಯು.ಎಸ್.ಬಿ. ಪರಿವರ್ತಕದಿಂದ ನಡೆಸುವುದಾದರೆ ಆ ಪರಿವರ್ತಕಕ್ಕೆ ೧೨ ವೋಲ್ಟಿನ ಪ್ರತ್ಯೇಕ ಅಡಾಪ್ಟರು ಇರಲೇಬೇಕು. ಹಳೆಯ ಡ್ರೈವಿನಲ್ಲಿ ಲೇಸರು ಸವೆದಿರುವ ಸಂಭವವಿದೆ. ಆದುದರಿಂದ ಪರೀಕ್ಷೆಯನ್ನು ಅಂಗಡಿಯಲ್ಲಿಯೇ ಮಾಡಬೇಕು. ಹಾಡನ್ನು ನುಡಿಸಿ ತೋರಿಸಿದರೆ ಸಾಲದು. ಬೇರೊಂದು ಯಂತ್ರದಲ್ಲಿ ಬರೆದ ಡಿಸ್ಕನ್ನು ಇದರಲ್ಲಿ ಓದಿಸಬೇಕು, ಇದರಲ್ಲಿ ಬರೆದುದನ್ನು ಬೇರೊಂದರಲ್ಲಿ ಓದಿಸಬೇಕು. ತಾನು ಬರೆದುದನ್ನು ತಾನೊಬ್ಬನೇ ಓದಬಲ್ಲ ಲಿಪಿಕಾರನಂತೆ, ಅಂತಹ ಡ್ರೈವುಗಳೂ ಇರುತ್ತವೆ.

ಯಂತ್ರಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಡಿಸ್ಕಿನ ಆಯ್ಕೆಯಲ್ಲಿ. ಸಾಮಾನ್ಯ ಸಿ.ಡಿ.-ಆರ್ ಮತ್ತು ಡಿ.ವಿ.ಡಿ.-ಆರ್‌ಗಳಲ್ಲಿ ಬರವಣಿಗೆಯನ್ನು ಹಿಡಿದಿಡುವುದು ಒಂದು ಸಾವಯವ ವರ್ಣದ್ರವ್ಯದ ಪದರ. ಲೇಸರಿನ ಕಾವಿಗೆ ಅದು ಚುಕ್ಕೆಚುಕ್ಕೆಯಾಗಿ ಮಾರ್ಪಡುತ್ತದೆ. ಬಿಸಿಲಿಗೂ ಶಾಖಕ್ಕೂ ಕಾಲಾಂತರದಲ್ಲಿ ಅದು ತಾನಾಗಿಯೇ ಮಾರ್ಪಡುವುದುಂಟು. ಬ್ಲೂ-ರೇ ಡಿಸ್ಕುಗಳಲ್ಲಿ ಹೆಚ್ಚಿನವು ನಿರವಯವ ಪದರವುಳ್ಳವು, ಆದುದರಿಂದ ಹೆಚ್ಚು ನಂಬಿಕಸ್ಥವಾದುವು. ಆದರೆ ಹೊದಿಕೆಯ ಮೇಲೆ ಎಲ್.ಟಿ.ಎಚ್. ಎಂಬ ಗುರುತಿದ್ದರೆ ಅದರಲ್ಲಿಯೂ ವರ್ಣದ್ರವ್ಯವೇ ಇದೆಯೆಂದು ತಿಳಿದು ಬಿಟ್ಟುಬಿಡಬೇಕು. ಅಳಿಸಿ ಬರೆಯುವ ಆರ್.ಡಬ್ಲ್ಯು. ಡಿಸ್ಕುಗಳು ರಕ್ಷಣೆಯ ಕೆಲಸಕ್ಕೆ ಸಲ್ಲವು. ಡಿ.ವಿ.ಡಿ. ಗಾತ್ರದಲ್ಲಿ ನಿರವಯವ ಪದರವುಳ್ಳದ್ದು ಎಂ-ಡಿಸ್ಕು. ಇದಕ್ಕೆ ಪ್ರಬಲವಾದ ಲೇಸರು ಬೇಕಾದುದರಿಂದ ಡ್ರೈವಿನ ಮೇಲೆಯೂ ಎಂ-ಡಿಸ್ಕ್ ಚಿಹ್ನೆಯಿರಬೇಕು. ಅಗ್ಗದ ಬೆಲೆಯ ಡಿ.ವಿ.ಡಿ. ರೈಟರುಗಳ ನಡುವೆ ಒಂದನ್ನು ಆರಿಸುವಾಗ ನಾನು ವೇಗವನ್ನು ನೋಡದೆ ಈ ಚಿಹ್ನೆಯನ್ನೇ ನೋಡುತ್ತೇನೆ. ಇದರ ಬರವಣಿಗೆ ಸಾವಿರ ವರ್ಷ ಬಾಳುವುದೆಂದು ತಯಾರಕರು ಸಾರಿದ್ದರು. ಆ ಲೆಕ್ಕವು ಹೆಚ್ಚಿನ ಶಾಖ ತೇವಗಳಲ್ಲಿ ಡಿಸ್ಕನ್ನು ಬೇಗ ಮುಪ್ಪಾಗಿಸಿ ನೋಡಿದ ಪರೀಕ್ಷೆಗಳಿಂದ ಊಹಿಸಿದುದು. ಹೀಗೆ ಸಾವಿರ ವರ್ಷದ ಮಾತನಾಡಿದ ಮಿಲೆನಿಯಾಟ ಎಂಬ ಕಂಪನಿಯು ೨೦೧೬ರಲ್ಲಿ ದಿವಾಳಿಯಾಯಿತು. ಡಿಸ್ಕು ಕೆಟ್ಟದೆಂದು ಇದರಿಂದ ಸಿದ್ಧವಾಗುವುದಿಲ್ಲ. ಆಚಂದ್ರಾರ್ಕಸ್ಥಾಯಿ ಎಂದು ಬರೆಸಿದ ದತ್ತಿಗಳ ಗತಿಯನ್ನು ಬಲ್ಲ ನಮಗೆ ಇದು ಅಚ್ಚರಿಯೂ ಅಲ್ಲ.

ಹೊದಿಕೆಯ ಮೇಲಿನ ಹೆಸರು ತಯಾರಕರ ಹೆಸರೇ ಆಗಿರಬೇಕೆಂಬ ನಿಯಮವಿಲ್ಲ. ಡಿಸ್ಕಿನೊಳಗೆ ಅದರ ನಿಜವಾದ ತಯಾರಕರ ಸಂಕೇತವು ಅಡಕವಾಗಿರುತ್ತದೆ; ಡ್ರೈವು ಅದನ್ನು ಓದಿಕೊಂಡು ಲೇಸರಿನ ಬಲವನ್ನು ಹೊಂದಿಸುತ್ತದೆ. ಪರಿಚಯವಿಲ್ಲದ ಡಿಸ್ಕಾದರೆ ಸರ್ವಸಾಮಾನ್ಯವಾದ ಒಂದು ಕ್ರಮವನ್ನು ಅನುಸರಿಸಿ ಹೇಗೋ ಬರೆಯುತ್ತದೆ. ಒಂದೇ ಡಿಸ್ಕು ಒಂದು ಯಂತ್ರದಲ್ಲಿ ಚೆನ್ನಾಗಿಯೂ ಇನ್ನೊಂದರಲ್ಲಿ ಕೆಟ್ಟದಾಗಿಯೂ ಬರುವುದಕ್ಕೆ ಇದೊಂದು ಕಾರಣ. ನೂರು ಡಿಸ್ಕುಗಳ ಗೋಪುರವನ್ನು ಒಮ್ಮೆಗೇ ಕೊಳ್ಳದೆ ಮೊದಲು ಹತ್ತನ್ನು ತಂದು ನೋಡುವುದು ಒಳ್ಳೆಯದು. ಈ ವ್ಯಾಪಾರದಲ್ಲಿ ತಯಾರಕರೂ ಕಡಮೆಯಾಗುತ್ತಿದ್ದಾರೆ. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ತಯಾರಕರ ಸಾಲಿನಲ್ಲಿದ್ದ ನಮ್ಮ ದೇಶದ ಮೋಸರ್ ಬೇರ್ ಸಂಸ್ಥೆಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ೨೦೧೮ರಲ್ಲಿ ಆಜ್ಞೆಯಾಯಿತು. ಜಪಾನಿನ ತಾಯಿಯೊ ಯುಡೆನ್ ೨೦೧೫ರಲ್ಲಿ ಈ ಕ್ಷೇತ್ರವನ್ನು ಬಿಟ್ಟಿತು. ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಪ್ಯಾನಸಾನಿಕ್ ೨೦೨೩ರಲ್ಲಿಯೂ ಸೋನಿ ೨೦೨೫ರಲ್ಲಿಯೂ ನಿಲ್ಲಿಸಿದುವು. ಇತರರ ಡಿಸ್ಕುಗಳು ಸಿಗುತ್ತಿವೆ. ಆದರೂ ಎರಡನೆಯ ಡ್ರೈವನ್ನು ಕೊಳ್ಳುವವರು ತಡಮಾಡಬಾರದು.

ಬರೆಯುವ ಕ್ರಮವನ್ನು ಕುರಿತು ಕೆಲವು ಮಾತುಗಳು ಸಾಕು. ೧೬ ಪಟ್ಟಿನ ಡಿಸ್ಕನ್ನು ೮ರಲ್ಲಿ ಬರೆಯುವುದು ವಾಡಿಕೆ. ತೀರ ನಿಧಾನವಾದರೆ ಉತ್ತಮವೆಂಬ ನಂಬಿಕೆಗೆ ಆಧಾರ ಸಾಲದು. ಬರೆದು ಮುಗಿಸಿದ ಡಿಸ್ಕನ್ನು ಮುಕ್ತಾಯಗೊಳಿಸದಿದ್ದರೆ ಬೇರೆ ಡ್ರೈವುಗಳು ಅದನ್ನು ಖಾಲಿಯೆಂದು ತಿಳಿಯಬಹುದು. ಪ್ರತಿಯೊಂದು ಕಡತಕ್ಕೂ ಶಾ-೨೫೬ ಎಂಬ ಗಣಿತಕ್ರಮದಿಂದ ೬೪ ಅಕ್ಷರಗಳ ಒಂದು ಮುದ್ರೆಯನ್ನು ಪಡೆದು ಆ ಪಟ್ಟಿಯನ್ನು ಡಿಸ್ಕಿನಲ್ಲಿಯೇ ಸೇರಿಸಬೇಕು. ತಾಮ್ರಶಾಸನದ ಬಳೆಗೆ ರಾಜಮುದ್ರೆಯನ್ನು ಒತ್ತಿದ್ದು ನಡುವೆ ಯಾರೂ ಹಲಗೆಯನ್ನು ಸೇರಿಸದಿರಲೆಂದು; ಇಲ್ಲಿಯೂ ಒಂದು ಬಿಂದು ಮಾರ್ಪಟ್ಟರೆ ಮುದ್ರೆ ಹೊಂದುವುದಿಲ್ಲ. ಕಡತಗಳ ಹೆಸರನ್ನು ಕನ್ನಡದಲ್ಲಿ ಇಡುವವರು ಇನ್ನೊಂದನ್ನು ನೆನಪಿಡಬೇಕು. ಡಿಸ್ಕುಗಳಲ್ಲಿ ಬಳಕೆಯಲ್ಲಿರುವ ಜೋಲಿಯೆಟ್ ವ್ಯವಸ್ಥೆಯಲ್ಲಿ ಹೆಸರಿಗೆ ೬೪ ಸಂಕೇತಗಳ ಮಿತಿಯಿದೆ. ‘ಹಲ್ಮಿಡಿ’ ಎಂಬ ಮೂರಕ್ಷರದ ಹೆಸರು ಯಂತ್ರದ ಲೆಕ್ಕದಲ್ಲಿ ಏಳಾಗುತ್ತದೆ. ತಾಲ್ಲೂಕು, ಹೋಬಳಿ, ಗ್ರಾಮ, ದೇವಾಲಯಗಳನ್ನೆಲ್ಲ ಹೆಸರಿನಲ್ಲೇ ತುಂಬಿದರೆ ಬಾಲ ಕತ್ತರಿಸಿಹೋಗುತ್ತದೆ. ಯು.ಡಿ.ಎಫ್. ವ್ಯವಸ್ಥೆಯನ್ನು ಆರಿಸಿಕೊಂಡರೆ ಅವಕಾಶ ಹೆಚ್ಚು. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಟಿಪ್ಪಣಿಗಳನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಡಿಸ್ಕಿಗೆ ಸೇರಿಸತಕ್ಕದ್ದು. ಇಲ್ಲವಾದರೆ ಡಿಸ್ಕು ಓದಿಸಿಕೊಂಡರೂ ಕನ್ನಡದ ಬದಲು ರೋಮನ್ ಅಕ್ಷರಗಳ ಗೊಂದಲವಷ್ಟೇ ಕಾಣುತ್ತದೆ.

ಪ್ರತಿಗಳು ಕನಿಷ್ಠ ಎರಡಿರಬೇಕು, ಮತ್ತು ಎರಡೂ ಒಂದೇ ಊರಿನಲ್ಲಿರಬಾರದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ; ಓಲೆಯ ಬಾಳಿಕೆಯನ್ನು ನಂಬದೆ ಪ್ರತಿಯ ಸಂಖ್ಯೆಯನ್ನು ನಂಬಿದ ಕ್ರಮವದು. ಎರಡು ವರ್ಷಕ್ಕೊಮ್ಮೆ ಪ್ರತಿಯೊಂದು ಡಿಸ್ಕನ್ನೂ ಬರೆದ ಯಂತ್ರವನ್ನು ಬಿಟ್ಟು ಇನ್ನೊಂದರಲ್ಲಿ ಪೂರ್ತಿಯಾಗಿ ಓದಿಸಿ ಮುದ್ರೆಗಳನ್ನು ತಾಳೆನೋಡಬೇಕು. ಓದುವುದು ತಡವರಿಸತೊಡಗಿದರೆ ಕೂಡಲೇ ಹೊಸ ಡಿಸ್ಕಿಗೆ ಪ್ರತಿ ಮಾಡಬೇಕು.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ೨೦೦೩ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಡಿಸ್ಕುಗಳನ್ನು ೪ರಿಂದ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇಕಡ ೨೦ರಿಂದ ೫೦ರ ತೇವಾಂಶದಲ್ಲಿ ಇಡಬೇಕೆಂದು ಹೇಳಿದೆ. ಮಂಗಳೂರಿನ ಮಳೆಗಾಲದಲ್ಲಿಯೋ ಕಲಬುರಗಿಯ ಬೇಸಗೆಯಲ್ಲಿಯೋ ಇದು ಮನೆಗಳಲ್ಲಿ ಸಾಧ್ಯವಾಗುವ ಮಾತಲ್ಲ. ಗಾಳಿಯಾಡದ ಡಬ್ಬಿಯಲ್ಲಿ, ಕ್ಯಾಮೆರಾದ ಮಸೂರಗಳಿಗೆ ಇಡುವಂತೆ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ, ನೆಲಕ್ಕೂ ಹೊರಗೋಡೆಗೂ ದೂರವಾದ ಕಪಾಟಿನಲ್ಲಿ, ಪ್ರತ್ಯೇಕ ಗಟ್ಟಿ ಹೊದಿಕೆಗಳಲ್ಲಿ ನಿಲ್ಲಿಸಿಡುವುದು ನಮ್ಮಿಂದಾಗುವ ಉಪಾಯ. ಸಿ.ಡಿ.ಯಲ್ಲಿ ಬರವಣಿಗೆಯ ಪದರವು ಹೆಸರು ಬರೆಯುವ ಮೇಲ್ಮೈಗೆ ಅಂಟಿಕೊಂಡಂತೆಯೇ ಇರುತ್ತದೆ. ಕೆಳಮೈಯ ಗೀರಿಗಿಂತ ಮೇಲ್ಮೈಯ ಗೀರು ಅಪಾಯಕರ. ಡಿ.ವಿ.ಡಿ.ಯಲ್ಲಿ ಅದು ಎರಡು ಹಾಳೆಗಳ ನಡುವೆ ಸುರಕ್ಷಿತವಾಗಿದೆ; ಬ್ಲೂ-ರೇಯಲ್ಲಿ ಓದುವ ಮೈಯಿಂದ ೦.೧ ಮಿಲಿಮೀಟರಿನಷ್ಟೇ ಒಳಗಿದೆ. ಅಂಟುಚೀಟಿ ಹಚ್ಚುವುದು, ಬಾಲ್‌ಪೆನ್ನಿನಿಂದ ಬರೆಯುವುದು ಎರಡೂ ಕೂಡದು. ನಡುವಣ ಪಾರದರ್ಶಕವಾದ ಉಂಗುರದ ಮೇಲೆ ನೀರುಮಸಿಯ ಮಾರ್ಕರಿನಿಂದ ಕ್ರಮಸಂಖ್ಯೆಯನ್ನೂ ಬರೆದ ತಿಂಗಳು ವರ್ಷಗಳನ್ನೂ ಗುರುತಿಸಿ, ಉಳಿದ ವಿವರಗಳನ್ನು, ಬರೆದ ಡ್ರೈವಿನ ಹೆಸರು ಮತ್ತು ಡಿಸ್ಕಿನ ತಯಾರಕ ಸಂಕೇತ ಸಹಿತ, ಒಂದು ನೋಟುಪುಸ್ತಕದಲ್ಲಿ ಕಾಗದದ ಮೇಲೆಯೇ ದಾಖಲಿಸಿಡಬೇಕು.